ಗಿಟಾರಿಗೂ ಕಿವಿಗೂ ನಡುವೆ

ಕಾರ್ಯಕ್ರಮ ಶುರುವಾಗಬೇಕು. ಸಭಾಂಗಣ ತುಂಬಿದೆ. ಡ್ರಮ್ ಬಾರಿಸುವವನು ಕೋಲುಗಳನ್ನು ಎತ್ತಿ ಹಿಡಿದು ಕಾಯುತ್ತಿದ್ದಾನೆ. ಗಿಟಾರ್ ವಾದಕ ಮಾತ್ರ ವೇದಿಕೆಯ ಮೇಲೆ ಮಂಡಿಯೂರಿ ಕುಳಿತಿದ್ದಾನೆ, ಪ್ರಾರ್ಥನೆಗೆ ಅಲ್ಲ. ಅವನ ಕಾಲ ಬಳಿ ಹನ್ನೆರಡು ಪುಟ್ಟ ಪೆಟ್ಟಿಗೆಗಳು ಸಾಲಾಗಿ ಕುಳಿತಿವೆ. ಒಂದು ಧ್ವನಿಯನ್ನು ಒರಟಾಗಿಸುವುದು, ಇನ್ನೊಂದು ಪ್ರತಿಧ್ವನಿ ಕೊಡುವುದು, ಮತ್ತೊಂದು ಅಲೆಅಲೆಯಾಗಿ ತೇಲಿಸುವುದು. ಒಂದರ ಬಾಲಕ್ಕೆ ಇನ್ನೊಂದರ ಮೂತಿ ಸಿಕ್ಕಿಸಿದ ಆ ಸಾಲಿನಲ್ಲಿ ಎಲ್ಲೋ ಒಂದು ಕಡೆ ಸಂಪರ್ಕ ತಪ್ಪಿದೆ. ಎಲ್ಲಿ ಎಂಬುದೇ ಪ್ರಶ್ನೆ. ಎಲೆಕ್ಟ್ರಿಕ್ ಗಿಟಾರ್ ಹುಚ್ಚು ಹತ್ತಿಸಿಕೊಂಡ ಹುಡುಗ ಹುಡುಗಿಯರಿಗೆ ಈ ದೃಶ್ಯ ಹೊಸದಲ್ಲ. ಅವರ ತಂದೆತಾಯಿಗಳಿಗೂ ಹೊಸದಲ್ಲ. ಒಂದೊಂದು ಪೆಟ್ಟಿಗೆಗೂ ದುಡ್ಡು ಎಣಿಸಿದವರು ಅವರೇ ತಾನೆ!

ಇದಕ್ಕೆ ಪೂರ್ತಿ ಬೇರೆಯದೇ ಆದ ಹಾದಿ ಹಿಡಿದ ಗಿಟಾರ್ ವಾದಕರೊಬ್ಬರಿದ್ದಾರೆ. ಇಂಗ್ಲೆಂಡಿನ ‘ಕ್ವೀನ್’ ತಂಡದ ಬ್ರಯಾನ್ ಮೇ. ಅವರ ಧ್ವನಿಯ ತಿರುಳೆಲ್ಲ ಇರುವುದು ಮೂರೇ ಮೂರು ವಸ್ತುಗಳಲ್ಲಿ: ಒಂದು ಗಿಟಾರ್, ಅಂಗೈ ಗಾತ್ರದ ಒಂದು ಪೆಟ್ಟಿಗೆ, ಒಂದು ಆಂಪ್ಲಿಫೈಯರ್. ಜೊತೆಗೆ ಬೆರಳುಗಳ ನಡುವೆ ಒಂದು ನಾಣ್ಯ. ಈ ಸರಳತೆ ಬಡತನದಿಂದ ಆರಂಭವಾಯಿತು ಎಂಬುದೇನೋ ನಿಜ. ಆದರೆ ಕೋಟಿಗಟ್ಟಲೆ ಸಂಪಾದಿಸಿದ ಮೇಲೂ ಅದು ಹಾಗೆಯೇ ಉಳಿಯಿತಲ್ಲ, ಅದರ ಕಾರಣ ವಿಜ್ಞಾನದ ವಿದ್ಯಾರ್ಥಿಗಳು ತಿಳಿಯಬೇಕಾದದ್ದು.

ಮೇ ಹುಟ್ಟಿದ್ದು 1947ರಲ್ಲಿ, ಲಂಡನ್ನಿನ ಹೊರವಲಯದ ಹ್ಯಾಂಪ್ಟನ್ ಎಂಬಲ್ಲಿ. ತಂದೆ ಹ್ಯಾರಲ್ಡ್ ಮೇ ಅಲ್ಲಿನ ವಿಮಾನಯಾನ ಸಚಿವಾಲಯದಲ್ಲಿ ನಕ್ಷೆಗಾರರು. ಎಲೆಕ್ಟ್ರಾನಿಕ್ಸ್ ಬಲ್ಲವರು, ಕೈಕೆಲಸದಲ್ಲಿ ಪಳಗಿದವರು. ಮಗನಿಗೆ ಹದಿನಾರು ತುಂಬಿದಾಗ ಎಲೆಕ್ಟ್ರಿಕ್ ಗಿಟಾರ್ ಬೇಕೆನಿಸಿತು. ಫೆಂಡರ್, ಗಿಬ್ಸನ್ ಎಂಬ ಅಮೆರಿಕದ ಗಿಟಾರುಗಳು ಅಂಗಡಿಯ ಗಾಜಿನ ಹಿಂದೆ ಹೊಳೆಯುತ್ತಿದ್ದವು. ಆ ಮನೆಯ ಆದಾಯಕ್ಕೆ ಅವು ಎಟುಕುವಂತಿರಲಿಲ್ಲ. ಇಂಥ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ನಡೆಯುವುದು ಎರಡೇ: ಒಂದೋ ಹಟ, ಇಲ್ಲವೇ ಸಾಲ. ಆ ಮನೆಯಲ್ಲಿ ಅಪ್ಪ ಮಗ ಇಬ್ಬರೂ 1963ರಲ್ಲಿ ಕಾಗದ ಪೆನ್ಸಿಲ್ ಹಿಡಿದು ಕುಳಿತರು. ಗಿಟಾರನ್ನು ತಾವೇ ಮಾಡುವುದೆಂದು ತೀರ್ಮಾನವಾಯಿತು.

ಚಳಿದೇಶದ ಮನೆಗಳಲ್ಲಿ ಬೆಂಕಿಗೂಡಿನ ಮೇಲೆ ಮರದ ದಪ್ಪ ಹಲಗೆಯೊಂದನ್ನು ಕೂರಿಸುತ್ತಾರೆ. ಅಂಥದೊಂದು ಹಳೆಯ ಮಹಾಗನಿ ಹಲಗೆ ಸಿಕ್ಕಿತು. ಅದರಿಂದ ಗಿಟಾರಿನ ಕತ್ತು ಕೆತ್ತಿದರು. ಮರ ಎಷ್ಟು ಹಳೆಯದೆಂದರೆ ಹುಳು ಕೊರೆದ ತೂತುಗಳಿದ್ದವು. ಅವಕ್ಕೆ ಬೆಂಕಿಕಡ್ಡಿ ತುರುಕಿ ಮುಚ್ಚಿದರು. ಒಡಲಿಗೆ ಹಳೇ ಮೇಜಿನ ಓಕ್ ಮರ. ಮೆಟ್ಟಿಲುಗಳ ನಡುವಿನ ಬಿಳಿ ಚುಕ್ಕೆಗಳು ಅಮ್ಮನ ಹೊಲಿಗೆಪೆಟ್ಟಿಗೆಯ ಮುತ್ತಿನಚಿಪ್ಪಿನ ಗುಂಡಿಗಳು. ಸ್ವರವನ್ನು ಅಲುಗಿಸುವ ಸನ್ನೆಕೋಲಿನ ತುದಿ ಅಮ್ಮನ ಉಣ್ಣೆ ಹೆಣೆಯುವ ಕಡ್ಡಿಯದು. ಆ ಕೋಲೋ, ಸೈಕಲ್ಲಿಗೆ ಚೀಲ ಸಿಕ್ಕಿಸುವ ಕಂಬಿಯದು. ಒಟ್ಟು ಖರ್ಚು ಸುಮಾರು 8 ಪೌಂಡ್ ಎಂದು ಮೇ ಹೇಳುತ್ತಾ ಬಂದಿದ್ದಾರೆ.

ಇಷ್ಟೇ ಆಗಿದ್ದರೆ ಇದು ‘ಕಸದಿಂದ ರಸ’ದ ಇನ್ನೊಂದು ಕಥೆ ಆಗುತ್ತಿತ್ತು. ಗಮನಿಸಬೇಕಾದದ್ದು ಆ ಸನ್ನೆಕೋಲಿನ ಒಳಗಿನ ಲೆಕ್ಕಾಚಾರ. ಕೋಲನ್ನು ಒತ್ತಿದರೆ ಆರೂ ತಂತಿಗಳು ಸಡಿಲಗೊಂಡು ಶ್ರುತಿ ಇಳಿಯುತ್ತದೆ, ಬಿಟ್ಟರೆ ಮತ್ತೆ ಮೊದಲಿನ ಶ್ರುತಿಗೆ ಬರಬೇಕು. ಅನೇಕ ಗಿಟಾರುಗಳಲ್ಲಿ ಅದು ಪೂರ್ತಿ ಹಿಂದಕ್ಕೆ ಬರುತ್ತಿರಲಿಲ್ಲ. ಕಾರಣ ಘರ್ಷಣೆ. ತಂತಿ ಎಲ್ಲೆಲ್ಲಿ ಲೋಹಕ್ಕೆ ಉಜ್ಜುತ್ತದೋ ಅಲ್ಲೆಲ್ಲ ಕೂದಲೆಳೆಯಷ್ಟು ಸಿಕ್ಕಿಕೊಳ್ಳುತ್ತದೆ. ಅಪ್ಪ ಮಗ ಇಬ್ಬರೂ ಉಜ್ಜುವ ಜಾಗಗಳನ್ನು ಒಂದೊಂದಾಗಿ ಹುಡುಕಿ ತೆಗೆದರು. ತಂತಿಗಳು ಕುದುರೆಯ ಮೇಲೆ ಹಾಯುವಲ್ಲಿ ಪುಟ್ಟ ಉರುಳೆಗಳನ್ನು ಮಾಡಿ ಕೂರಿಸಿದರು. ಇಡೀ ಸನ್ನೆಯನ್ನು ಗಟ್ಟಿ ಉಕ್ಕಿನ ಚಾಕುವಿನ ಅಂಚಿನ ಮೇಲೆ ನಿಲ್ಲಿಸಿದರು. ಪ್ರಯೋಗಾಲಯದ ಹಳೆಯ ತಕ್ಕಡಿಯ ತೋಳು ಚೂಪಾದ ಅಂಚಿನ ಮೇಲೆ ನಿಂತು ಆಡುವುದನ್ನು ಪ್ರೌಢಶಾಲೆಯಲ್ಲಿ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ತಂತಿಗಳ ಬಿಗಿತಕ್ಕೆ ಎದುರಾಗಿ ಎಳೆಯಲು 1928ರ ಪ್ಯಾಂಥರ್ ಮೋಟಾರ್ ಸೈಕಲ್ಲಿನ ಎಂಜಿನ್ ವಾಲ್ವಿನ ಸ್ಪ್ರಿಂಗುಗಳು! ಹೊಸ ಭಾಗಗಳನ್ನು ಸೇರಿಸಿ ದೋಷವನ್ನು ಮುಚ್ಚಲಿಲ್ಲ, ದೋಷಕ್ಕೆ ಕಾರಣವಾದದ್ದನ್ನು ತೆಗೆದರು. ಸುಮಾರು ಎರಡು ವರ್ಷ ಹಿಡಿಯಿತು ಈ ಕೆಲಸ.

ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾಡುವ ಭಾಗಕ್ಕೆ ಪಿಕಪ್ ಎನ್ನುತ್ತಾರೆ. ಕಾಂತ, ಅದರ ಸುತ್ತ ಸುತ್ತಿದ ತಾಮ್ರದ ಸುರುಳಿ, ಇಷ್ಟೇ. ಅದನ್ನೂ ಮೊದಲು ಮನೆಯಲ್ಲೇ ಮಾಡಿದ್ದರು. ಆದರೆ ತಂತಿಯನ್ನು ಪಕ್ಕಕ್ಕೆ ಜಗ್ಗಿದಾಗ ಅದು ಒಂದು ಧ್ರುವದಿಂದ ಇನ್ನೊಂದು ಧ್ರುವದ ಮೇಲೆ ಹಾದು ವಿಚಿತ್ರ ಸದ್ದು ಕೊಡುತ್ತಿತ್ತು. ಇಷ್ಟು ಕಷ್ಟಪಟ್ಟು ಸುತ್ತಿದ್ದು ಎಂಬ ಮಮತೆಗೆ ಕಟ್ಟುಬೀಳದೆ ಅದನ್ನು ಕಿತ್ತು, ಬರ್ನ್ಸ್ ಎಂಬ ಕಂಪೆನಿಯ ಮೂರು ಪಿಕಪ್‌ಗಳನ್ನು ಅಂಗಡಿಯಿಂದ ತಂದು ಹಾಕಿದರು. ಸುರುಳಿಯ ಎಳೆಗಳೇ ಕಂಪಿಸಿ ಕೀರಲು ಸದ್ದು ಬಾರದಿರಲೆಂದು ಅರಾಲ್ಡೈಟ್ ಅಂಟು ಸುರಿದು ಗಟ್ಟಿ ಮಾಡಿದರು. ಸ್ವಂತ ಕೈಯಿಂದಲೇ ಆಗಬೇಕೆಂಬ ಹಟ ಅವರಿಗಿರಲಿಲ್ಲ, ಸರಿಯಾಗಬೇಕೆಂಬ ಹಟವಿತ್ತು.

ಮೂರು ಪಿಕಪ್‌ಗಳನ್ನೂ ಶ್ರೇಣಿಯಲ್ಲಿ ಜೋಡಿಸಿದರು. ಟಾರ್ಚಿಗೆ ಸೆಲ್ಲುಗಳನ್ನು ಒಂದರ ಹಿಂದೆ ಒಂದು ಹಾಕಿದಂತೆ ಇಲ್ಲೂ ವೋಲ್ಟೇಜು ಕೂಡಿಕೊಳ್ಳುತ್ತದೆ. ಪ್ರತಿ ಪಿಕಪ್‌ಗೂ ಎರಡು ಪುಟ್ಟ ಸ್ವಿಚ್ಚು: ಒಂದು ಹಚ್ಚಲು ಆರಿಸಲು, ಇನ್ನೊಂದು ಅದರ ದಿಕ್ಕನ್ನು ತಿರುವುಮುರುವು ಮಾಡಲು. ಒಂದು ಸೆಲ್ಲನ್ನು ಉಲ್ಟಾ ಹಾಕಿದರೆ ಏನಾಗುತ್ತದೆ? ಕಳೆದುಹೋಗುತ್ತದೆ. ಎರಡು ಪಿಕಪ್‌ಗಳಿಗೂ ಹೆಚ್ಚುಕಡಿಮೆ ಸಮಾನವಾಗಿ ಕೇಳುವ ದಪ್ಪ ಭಾಗ ಹೀಗೆ ಒಂದರಿಂದೊಂದು ಕಳೆದು, ಎರಡಕ್ಕೂ ಬೇರೆಬೇರೆಯಾಗಿರುವ ಮೇಲಿನ ಸಹಕಂಪನಗಳು ಉಳಿಯುತ್ತವೆ. ಧ್ವನಿ ತೆಳ್ಳಗೆ, ಚುರುಕಾಗಿ ಬರುತ್ತದೆ. ಇತರರು ಕಾಲಡಿಯ ಪೆಟ್ಟಿಗೆಗಳಲ್ಲಿ ಹುಡುಕುವ ಬಣ್ಣಗಳಲ್ಲಿ ಎಷ್ಟೋ ಇವರ ಗಿಟಾರಿನ ಮೈಮೇಲಿನ ಆರು ಸ್ವಿಚ್ಚುಗಳಲ್ಲೇ ಇದ್ದವು.

ಇನ್ನು ಪೆಟ್ಟಿಗೆ ಮತ್ತು ಆಂಪ್ಲಿಫೈಯರ್. ಇವೆರಡರ ಗುಟ್ಟು ಸಿಕ್ಕಿದ್ದು ಕೇಳಿ ತಿಳಿದದ್ದರಿಂದ. ಐರ್ಲೆಂಡಿನ ರೋರಿ ಗ್ಯಾಲಹರ್ ಆಗ ‘ಟೇಸ್ಟ್’ ಎಂಬ ತಂಡದಲ್ಲಿ ನುಡಿಸುತ್ತಿದ್ದರು. ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ಅವರ ಕಾರ್ಯಕ್ರಮ ಮುಗಿದ ಮೇಲೆ ವಿದ್ಯಾರ್ಥಿ ಮೇ ಗೆಳೆಯನೊಂದಿಗೆ ಹಿಂದೆ ಉಳಿದುಕೊಂಡು, ಈ ನಾದ ನಿಮಗೆ ಹೇಗೆ ಬರುತ್ತದೆ ಎಂದು ನೇರವಾಗಿ ಕೇಳಿಯೇಬಿಟ್ಟರು. ವಿದ್ಯೆಯನ್ನು ಬಚ್ಚಿಡುವ ಜನ ಆ ಕ್ಷೇತ್ರದಲ್ಲೂ ಕಡಿಮೆಯಿಲ್ಲ. ಗ್ಯಾಲಹರ್ ಹಾಗಲ್ಲ. ವಾಕ್ಸ್ ಎಸಿ-30 ಎಂಬ ಆಂಪ್ಲಿಫೈಯರ್, ರೇಂಜ್‌ಮಾಸ್ಟರ್ ಎಂಬ ಪುಟ್ಟ ಪೆಟ್ಟಿಗೆ, ಇಷ್ಟೇ ಎಂದು ತೋರಿಸಿಕೊಟ್ಟರು. ಮೇ ಹೋಗಿ ಎರಡು ಹಳೆಯ ಎಸಿ-30ಗಳನ್ನು ಕೊಂಡು ತಂದರು. ತನ್ನ ಧ್ವನಿ ಸಿಕ್ಕಿದ್ದು ಅವತ್ತು ಎಂದು ಇವತ್ತಿಗೂ ಗ್ಯಾಲಹರ್ ಅವರನ್ನು ನೆನೆಯುತ್ತಾರೆ.

ರೇಂಜ್‌ಮಾಸ್ಟರಿನ ಒಳಗಿರುವುದು ಒಂದೇ ಒಂದು ಜರ್ಮೇನಿಯಮ್ ಟ್ರಾನ್ಸಿಸ್ಟರ್. ಬಾಗಿಲಲ್ಲೇ ಒಂದು ಸಣ್ಣ ಕೆಪಾಸಿಟರ್ ಕುಳಿತು ದಪ್ಪ ಸ್ವರಗಳನ್ನು ತಡೆದು ತಾರಸ್ವರಗಳನ್ನು ಮಾತ್ರ ಸಲೀಸಾಗಿ ಒಳಕ್ಕೆ ಬಿಡುತ್ತದೆ. 9 ವೋಲ್ಟಿನ ಬ್ಯಾಟರಿ ಸಾಕು. ಎಸಿ-30 ಎಂಬುದು ಗಾಜಿನ ವಾಲ್ವುಗಳ ಕಾಲದ ಆಂಪ್ಲಿಫೈಯರ್, 30 ವಾಟ್ ಶಕ್ತಿಯದು. ಅದನ್ನು ಮೇ ಪೂರ್ತಿ ತಿರುಗಿಸಿ ಇಟ್ಟುಬಿಡುತ್ತಾರೆ, ಮತ್ತೆ ಮುಟ್ಟುವುದಿಲ್ಲ. ಅಷ್ಟು ಬಲದ ಸಂಕೇತ ಬಂದಾಗ ವಾಲ್ವುಗಳು ಅದನ್ನು ಪೂರ್ತಿಯಾಗಿ ದಾಟಿಸಲಾರವು. ಅಲೆಯ ತುದಿಗಳು ಕತ್ತರಿಸಿ ಹೋಗುತ್ತವೆ. ತುದಿ ಕತ್ತರಿಸಿದ ಅಲೆಯಲ್ಲಿ ಹೊಸ ಸಹಕಂಪನಗಳು ಹುಟ್ಟುತ್ತವೆ. ಪಿಟೀಲಿನಂತೆ ಎಳೆದು ನಿಲ್ಲುವ ಆ ತುಂಬುನಾದ ಬರುವುದು ಹಾಗೆ. ಮೆಲುವಾದ ಶುದ್ಧ ಧ್ವನಿ ಬೇಕಾದರೆ? ಗಿಟಾರಿನ ಮೇಲಿನ ವಾಲ್ಯೂಮ್ ಗುಂಡಿಯನ್ನು ಕಿರುಬೆರಳಲ್ಲಿ ಸ್ವಲ್ಪ ತಿರುಗಿಸಿದರೆ ಆಯಿತು. ಸಂಕೇತ ಇಳಿಯುತ್ತದೆ, ತುದಿ ಕತ್ತರಿಸುವುದು ನಿಲ್ಲುತ್ತದೆ. ಪಿಸುಮಾತಿನಿಂದ ಆರ್ಭಟದವರೆಗಿನ ದಾರಿ ಒಂದೇ ಗುಂಡಿಯಲ್ಲಿದೆ, ಅದು ಕೈಯಳತೆಯಲ್ಲೇ ಇದೆ.

ಮಂಡಿಯೂರಿ ಕುಳಿತ ಆ ಹುಡುಗನ ಹತ್ತಿರಕ್ಕೆ ಮತ್ತೆ ಬರಬಹುದು. ಹನ್ನೆರಡು ಪೆಟ್ಟಿಗೆಗಳಿಗೆ ಒಳಗೊಂದು ಹೊರಗೊಂದರಂತೆ 24 ಕೂಡುಗಳು, ಗಿಟಾರಿನದೊಂದು ಆಂಪ್ಲಿಫೈಯರಿನದೊಂದು ಸೇರಿ 26. ಒಂದೊಂದು ಕೂಡೂ ನೂರರಲ್ಲಿ ತೊಂಬತ್ತೊಂಬತ್ತು ಸಲ ಸರಿಯಾಗಿ ಕೆಲಸ ಮಾಡುತ್ತದೆಂದು ಇಟ್ಟುಕೊಳ್ಳಿ. ಒಳ್ಳೆಯ ಅಂಕವೇ ಅನ್ನಿಸುತ್ತದೆ. ಆದರೆ ಎಲ್ಲ ಕೂಡುಗಳೂ ಒಟ್ಟಿಗೆ ಸರಿಯಿರುವ ಸಂಭವ 0.99ನ್ನು 26 ಸಲ ಗುಣಿಸಿದಷ್ಟು, ಅಂದರೆ ಸುಮಾರು 0.77. ನಾಲ್ಕು ಕಾರ್ಯಕ್ರಮಕ್ಕೊಂದು ಸಲ ಪೇಚಾಟ! ಮೇ ಅವರ ಮೂಲ ಜೋಡಣೆಯಲ್ಲಿ ಕೂಡುಗಳು ನಾಲ್ಕೇ. ಅದೇ ಲೆಕ್ಕದಲ್ಲಿ 0.96. ಪಿ.ಯು.ಸಿ. ಹುಡುಗರು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು, ತಮ್ಮ ಕಾಲಡಿಯ ಪೆಟ್ಟಿಗೆಗಳನ್ನು ಎಣಿಸಿಕೊಂಡು.

ತಂತಿಯ ಉದ್ದವೂ ಸುಮ್ಮನಿರುವುದಿಲ್ಲ. ಗಿಟಾರಿನ ಕೇಬಲ್ಲಿನಲ್ಲಿ ನಡುವೆ ಒಂದು ಎಳೆ, ಸುತ್ತ ಲೋಹದ ಜಾಲರಿ, ಮಧ್ಯೆ ಅವಾಹಕ. ಇದು ಕೆಪಾಸಿಟರಿನ ರಚನೆಯೇ ಅಲ್ಲವೆ? ಸಾಮಾನ್ಯವಾಗಿ ಮೀಟರಿಗೆ ನೂರು ಪಿಕೋಫ್ಯಾರಡಿನ ಆಸುಪಾಸು ಧಾರಕತೆ ಇರುತ್ತದೆ. ಉದ್ದವಾದಷ್ಟೂ ತಾರಸ್ವರಗಳು ಜಾಲರಿಯ ಕಡೆಗೆ ಸೋರಿಹೋಗಿ ಧ್ವನಿ ಮಂಕಾಗುತ್ತದೆ. ಪಿಕಪ್ಪಿನ ಸಂಕೇತ ಬಹಳ ದುರ್ಬಲ, ಆದ್ದರಿಂದ ಸೋರಿಕೆ ಅದಕ್ಕೆ ಹೆಚ್ಚು ತಟ್ಟುತ್ತದೆ. ಮೇ ಅವರ ಪುಟ್ಟ ಪೆಟ್ಟಿಗೆ ಗಿಟಾರಿನ ಪಟ್ಟಿಗೇ ಅಂಟಿಕೊಂಡಿರುತ್ತಿದ್ದುದನ್ನು ಹಳೆಯ ಚಿತ್ರಗಳಲ್ಲಿ ನೋಡಬಹುದು. ಸಂಕೇತ ಮೊದಲು ಬಲಗೊಂಡು, ಆಮೇಲೆ ದೂರದ ಪ್ರಯಾಣಕ್ಕೆ ಹೊರಡಲಿ ಎಂಬ ಯೋಚನೆ ಇದು. ಊರಿಗೆ ಹೊರಡುವ ಮಗನಿಗೆ ಊಟ ಹಾಕಿಯೇ ಬಸ್ಸು ಹತ್ತಿಸಿದ ಹಾಗೆ.

ಇನ್ನೊಂದು ಸಂಗತಿ. ಮುಂದೆ ಪೀಟ್ ಕಾರ್ನಿಷ್ ಎಂಬ ತಜ್ಞರು ಮೇ ಅವರಿಗೆ ಕಟ್ಟಿಕೊಟ್ಟ ಪೆಟ್ಟಿಗೆ ಸಂಕೇತವನ್ನು 32 ಡೆಸಿಬೆಲ್ ಹೆಚ್ಚಿಸುತ್ತಿತ್ತು. ವೋಲ್ಟೇಜಿನ ಲೆಕ್ಕದಲ್ಲಿ ಇದು ಸುಮಾರು 40 ಪಟ್ಟು. ಇದಕ್ಕೆ ಮುಂಚೆ ಒಂದು ಪೆಟ್ಟಿಗೆ ಇಟ್ಟರೆ ಅದರ ಗೊರಗೊರ, ಹಿಸ್ ಎನ್ನುವ ಸದ್ದು ಕೂಡ 40 ಪಟ್ಟಾಗುತ್ತದೆ. ವರ್ಧಕಕ್ಕೆ ಸ್ವರ ಯಾವುದು ಕಸ ಯಾವುದು ಎಂಬ ಭೇದ ತಿಳಿಯದು. ನಾಟಕದ ಮೈಕಿನಲ್ಲಿ ಸಂಭಾಷಣೆಗಿಂತ ತೆರೆಯ ಹಿಂದಿನ ಪಿಸುಗುಟ್ಟುವಿಕೆಯೇ ಜೋರಾಗಿ ಕೇಳಿಸಿದ್ದನ್ನು ನೆನಪಿಸಿಕೊಳ್ಳಿ. ಎಸಿ-30ರಲ್ಲಿ ತಮಗೆ ಬೇಡವಾದ ಚಾನೆಲ್ಲುಗಳ ಸರ್ಕ್ಯೂಟುಗಳನ್ನೂ ಮೇ ತೆಗೆಸಿ, ‘ನಾರ್ಮಲ್’ ಚಾನೆಲ್ ಒಂದನ್ನೇ ಉಳಿಸಿಕೊಂಡರು. ಬಳಸದೆ ಸುಮ್ಮನೆ ಕುಳಿತ ಭಾಗವೂ ಸಂಕೇತದ ಪಾಲು ತಿನ್ನುತ್ತಿತ್ತು. ಅದು ಹೋದಮೇಲೆ ಧ್ವನಿಯ ಬಲ ಇನ್ನೂ 6-7 ಡೆಸಿಬೆಲ್ ಏರಿತು.

ಕ್ವೀನ್ ತಂಡದ ಚಿತ್ರಗಳನ್ನು ನೋಡಿದವರು ಇಲ್ಲಿ ಆಕ್ಷೇಪ ಎತ್ತಬಹುದು. ಮೇ ಅವರ ಬೆನ್ನ ಹಿಂದೆ ಆಂಪ್ಲಿಫೈಯರುಗಳ ಗೋಡೆಯೇ ಇರುತ್ತದಲ್ಲ, ಇದೆಂಥ ಸರಳತೆ? ಆಕ್ಷೇಪ ಸರಿಯಾದದ್ದೇ. ಒಂದು ಕಾಲಕ್ಕೆ ಅವರ ಸಾಲಿನಲ್ಲಿ 14 ಎಸಿ-30ಗಳಿದ್ದವು. ಪ್ರತಿಧ್ವನಿ, ಕೋರಸ್ ಮುಂತಾದ ಪರಿಣಾಮಗಳನ್ನೂ ಅವರು ಬಳಸುತ್ತಾರೆ. ಆದರೆ ಅವು ನಿಂತಿರುವ ರೀತಿ ನೋಡಬೇಕು. ಕೆಲವು ಆಂಪ್ಲಿಫೈಯರುಗಳಿಗೆ ಬರಿಯ ಗಿಟಾರು ಮಾತ್ರ. ಪ್ರತಿಧ್ವನಿಗೆ ಬೇರೆಯ ಆಂಪ್ಲಿಫೈಯರ್, ಎರಡನೆಯ ಪ್ರತಿಧ್ವನಿಗೆ ಇನ್ನೊಂದು. ‘ಬ್ರೈಟನ್ ರಾಕ್’ ಹಾಡಿನ ನಡುವೆ ಅವರು ಒಂಟಿಯಾಗಿ ನುಡಿಸುವ ಭಾಗವಿದೆ. ಟೇಪ್ ಪ್ರತಿಧ್ವನಿ ಯಂತ್ರಗಳ ಹಳಿಯನ್ನು ಉದ್ದ ಮಾಡಿಸಿಕೊಂಡು, ತಾವು ನುಡಿಸಿದ ತುಣುಕು ಸ್ವಲ್ಪ ಹೊತ್ತಿನ ಮೇಲೆ ಒಂದು ಕಡೆಯಿಂದ, ಇನ್ನೂ ಸ್ವಲ್ಪ ಹೊತ್ತಿನ ಮೇಲೆ ಮತ್ತೊಂದು ಕಡೆಯಿಂದ ಮರಳಿ ಬರುವಂತೆ ಮಾಡಿ, ಅದರ ಮೇಲೆ ತಾವೇ ಹೊಂದುವ ಸ್ವರ ಸೇರಿಸುತ್ತಾರೆ. ಒಬ್ಬನೇ ಮೂವರಾದಂತೆ.

ಮೂರನ್ನೂ ಒಂದೇ ಆಂಪ್ಲಿಫೈಯರಿಗೆ ಕೊಟ್ಟಿದ್ದರೆ ಖರ್ಚು ಉಳಿಯುತ್ತಿತ್ತು, ಸಂಗೀತ ಉಳಿಯುತ್ತಿರಲಿಲ್ಲ. ಅಲೆಯ ತುದಿ ಕತ್ತರಿಸುವ ಆಂಪ್ಲಿಫೈಯರಿಗೆ 330 ಮತ್ತು 440 ಹರ್ಟ್ಸಿನ ಎರಡು ಸ್ವರಗಳನ್ನು ಒಟ್ಟಿಗೆ ಕೊಟ್ಟರೆ, ಅವುಗಳ ಅಂತರವಾದ 110, ಮೊತ್ತವಾದ 770 ಮುಂತಾಗಿ ಯಾರೂ ನುಡಿಸದ ಸ್ವರಗಳೂ ಹೊರಬರುತ್ತವೆ. ಎರಡಕ್ಕೇ ಇಷ್ಟಾದರೆ ಮೂರು ಪಾಳಿಯ ಸ್ವರಗಳು ಕೂಡಿದಾಗ ಕೆಸರು. ಬೇರೆ ಬೇರೆ ಆಂಪ್ಲಿಫೈಯರುಗಳಿಂದ ಹೊರಟರೆ ಅವು ಗಾಳಿಯಲ್ಲಿ ಬೆರೆಯುತ್ತವೆ. ಗಾಳಿ ಯಾವ ಸ್ವರವನ್ನೂ ಕತ್ತರಿಸುವುದಿಲ್ಲ. ಹಾಗಾಗಿ ಸರಳಗೊಳಿಸುವುದೆಂದರೆ ಎಣಿಕೆ ಇಳಿಸುವುದು ಎಂದು ತಿಳಿದರೆ ತಪ್ಪಾದೀತು. ಇಲ್ಲಿ ವಸ್ತುಗಳು ಹೆಚ್ಚು, ದಾರಿ ಮಾತ್ರ ನೇರ. ಒಂದೊಂದಕ್ಕೂ ಒಂದೇ ಕೆಲಸ. ಒಂದು ಪರಿಣಾಮದ ಯಂತ್ರ ಕೆಟ್ಟರೂ ಗಿಟಾರಿನ ಮೂಲಧ್ವನಿ ನಿಲ್ಲುವುದಿಲ್ಲ.

ಅದೇ ತಂಡದ ಜಾನ್ ಡೀಕನ್ ಎಲೆಕ್ಟ್ರಾನಿಕ್ಸ್ ಪದವೀಧರರು. 1970ರ ದಶಕದ ಆರಂಭದಲ್ಲಿ ಕಸದ ತೊಟ್ಟಿಯೊಂದರಲ್ಲಿ ಸಿಕ್ಕ ಸರ್ಕ್ಯೂಟ್ ಹಲಗೆಯನ್ನು ಹಳೆಯ ಸ್ಪೀಕರ್ ಪೆಟ್ಟಿಗೆಯೊಳಗೆ ಕೂರಿಸಿ, ಬ್ಯಾಟರಿಯಿಂದ ನಡೆಯುವ ಒಂದು ಪುಟ್ಟ ಆಂಪ್ಲಿಫೈಯರ್ ಮಾಡಿದರು. ಅದಕ್ಕೆ ಗುಂಡಿಯೇ ಇಲ್ಲ. ಧ್ವನಿಮುದ್ರಣದ ಕೋಣೆಯಲ್ಲಿ ಮೇ ಅದರಿಂದ ವಾದ್ಯವೃಂದದಂಥ ನಾದಗಳನ್ನು ತೆಗೆದರು. ವೇದಿಕೆಗೆ ಮಾತ್ರ ಅದನ್ನು ತರಲಿಲ್ಲ. ಅದರ ಜಾಗ ಅದಲ್ಲವೆಂದು ಅವರಿಗೆ ಗೊತ್ತಿತ್ತು.

ನಾಣ್ಯದ ಮಾತು ಉಳಿಯಿತು. ತಂತಿ ಮೀಟಲು ಉಳಿದವರು ಪ್ಲಾಸ್ಟಿಕ್ಕಿನ ಬಿಲ್ಲೆ ಹಿಡಿದರೆ ಮೇ ಹಿಡಿಯುವುದು ಆರು ಪೆನ್ನಿಯ ಹಳೆಯ ನಾಣ್ಯ. ಲೋಹ ಬಾಗುವುದಿಲ್ಲ, ಆದ್ದರಿಂದ ತಂತಿಯ ಪ್ರತಿಯೊಂದು ಅಲುಗಾಟ ಬೆರಳಿಗೆ ತಿಳಿಯುತ್ತದೆ. ಅಂಚಿನ ಗೀರುಗಳು ತಂತಿಗೆ ತಾಗಿ ಸ್ವರದ ಮೊದಲಲ್ಲಿ ಸಣ್ಣ ಕರಕರ ಬರುತ್ತದೆ. 1980ರಲ್ಲಿ ಆ ನಾಣ್ಯ ಚಲಾವಣೆಯಿಂದ ಹೋಯಿತು, ಇವರ ಕೈಯಿಂದ ಹೋಗಲಿಲ್ಲ.

ಇಷ್ಟೆಲ್ಲ ನಡೆಯುವಾಗ ಓದು ಏನಾಯಿತು ಎಂದು ತಂದೆತಾಯಿಗಳು ಕೇಳಿಯೇ ಕೇಳುತ್ತಾರೆ. ಮೇ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 1968ರಲ್ಲಿ ಭೌತಶಾಸ್ತ್ರದ ಪದವಿ ಪಡೆದರು. ಬಳಿಕ ಅಲ್ಲೇ ಪಿಎಚ್.ಡಿ.ಗೆ ಸೇರಿದರು, ಗ್ರಹಗಳ ನಡುವೆ ತೇಲುವ ಧೂಳಿನ ಚಲನೆ ಅವರ ವಿಷಯ. ಲಂಡನ್ನಿನ ಶಾಲೆಯೊಂದರಲ್ಲಿ ಒಂದಷ್ಟು ಕಾಲ ಗಣಿತ ಪಾಠವನ್ನೂ ಹೇಳಿದರು (ಮೇಷ್ಟರುಗಳಿಗೆ ಇದು ಹೆಮ್ಮೆಯ ಮಾತು!). 1974ರ ಹೊತ್ತಿಗೆ ತಂಡ ಹೆಸರು ಮಾಡತೊಡಗಿತ್ತು. ಮುಗಿಯುವ ಹಂತಕ್ಕೆ ಬಂದಿದ್ದ ಪ್ರಬಂಧವನ್ನು ಅಲ್ಲಿಗೇ ಬಿಟ್ಟರು.

ಹ್ಯಾರಲ್ಡ್ ಮೇ ಅವರಿಗೆ ಇದು ನುಂಗಲಾರದ ತುತ್ತಾಯಿತು. ಗಿಟಾರಿನ ಒಂದೊಂದು ಉರುಳೆಗೂ ಜೊತೆ ಕುಳಿತಿದ್ದ ಅಪ್ಪ, ಆ ಗಿಟಾರೇ ಮಗನ ಓದನ್ನು ಕಸಿದುಕೊಂಡದ್ದನ್ನು ನೋಡಬೇಕಾಯಿತು. ಅವರನ್ನು ಹಳೆಯ ಕಾಲದವರೆಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ಗಿಟಾರ್ ಮಾಡುವುದು ಅವರಿಗೆ ಕಲಿಕೆ. ಅದರಿಂದ ಹೊಟ್ಟೆ ಹೊರೆಯುವುದು ಜೂಜು. ಬಹುಪಾಲು ಹುಡುಗರ ವಿಷಯದಲ್ಲಿ ಅದು ಜೂಜೇ ಆಗುತ್ತದೆ. ಅಪ್ಪ ಮಗನ ನಡುವೆ ಮಾತು ಬಿಗಿದುಕೊಂಡ ದಿನಗಳಿದ್ದವೆಂದು ಮೇ ಸಂಕೋಚವಿಲ್ಲದೆ ಹೇಳಿಕೊಂಡಿದ್ದಾರೆ. ಮುಂದೆ ತಂಡ ಹೆಸರಾದ ಮೇಲೆ ಅಪ್ಪ ಅಮ್ಮ ಇಬ್ಬರನ್ನೂ ನ್ಯೂಯಾರ್ಕಿಗೆ ಕರೆಸಿಕೊಂಡು, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ತಮ್ಮ ಕಾರ್ಯಕ್ರಮಕ್ಕೆ ಕೂರಿಸಿದರು. ಸಾವಿರಾರು ಜನ ಎದ್ದು ನಿಂತು ಕೂಗುತ್ತಿದ್ದ ಆ ರಾತ್ರಿ ಮುಗಿದ ಮೇಲೆ ಅಪ್ಪ ಬಂದು ಕೈಕುಲುಕಿ, ಈಗ ಅರ್ಥವಾಯಿತು ಎಂಬರ್ಥದ ಮಾತು ಹೇಳಿದರಂತೆ. ಹ್ಯಾರಲ್ಡ್ 1988ರಲ್ಲಿ ತೀರಿಕೊಂಡರು. ಬಿಟ್ಟುಹೋದ ಪಿಎಚ್.ಡಿ.ಯನ್ನು ಮಗ ಮತ್ತೆ ಕೈಗೆತ್ತಿಕೊಂಡು ಮುಗಿಸಿದ್ದು 2007ರಲ್ಲಿ, ಅರವತ್ತನೆಯ ವಯಸ್ಸಿನಲ್ಲಿ. ನೋಡಲು ಅಪ್ಪ ಇರಲಿಲ್ಲ.

ಅದಕ್ಕೆ ಐದು ವರ್ಷ ಮೊದಲು, 2002ರ ಜೂನ್ 3ರಂದು, ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದ ಐವತ್ತನೆಯ ವರ್ಷದ ಸಂಗೀತ ಕಾರ್ಯಕ್ರಮ ಬಕಿಂಗ್‌ಹ್ಯಾಮ್ ಅರಮನೆಯ ತೋಟದಲ್ಲಿತ್ತು. ಆರಂಭಕ್ಕೆ ಮೇ ಅರಮನೆಯ ಮಾಳಿಗೆಯ ಮೇಲೆ ಗಾಳಿಗೆ ಮೈಯೊಡ್ಡಿ ನಿಂತು ಅಲ್ಲಿನ ರಾಷ್ಟ್ರಗೀತೆಯನ್ನು ನುಡಿಸಿದರು. ಜೊತೆಗಿದ್ದ ವಾದ್ಯವೃಂದ ಕೆಳಗೆ, ದೂರದಲ್ಲಿ. ಜಗತ್ತಿನ ಯಾವ ಗಿಟಾರನ್ನು ಬೇಕಾದರೂ ಕೊಳ್ಳಬಲ್ಲವರಾಗಿದ್ದ ಅವರ ಹೆಗಲಲ್ಲಿ ಅವತ್ತು ಇದ್ದದ್ದು 8 ಪೌಂಡಿನ ಅದೇ ಕೆಂಪು ಗಿಟಾರ್. ಅವರ ಎಡಗೈ ಹಿಡಿದಿದ್ದ ಕತ್ತಿನಲ್ಲಿ ಬೆಂಕಿಗೂಡಿನ ಮರದ ಹುಳುತೂತುಗಳಿದ್ದವು, ತೂತುಗಳಲ್ಲಿ ಬೆಂಕಿಕಡ್ಡಿಗಳು.